ಬಳ್ಳಾರಿಗೆ ಹೋಗಿ ಬನ್ನಿ

ಲಗ್ಗೆರೆಯಿಂದ ಫೋನು ಬಂದಾಗ ಹನ್ನೊಂದೂಕಾಲು.
ಆಫೀಸಿನ ಕೆಳಗೆ ಪಾತ್ರೆ ಅಂಗಡಿಯಲ್ಲಿ
ಯಾರದೋ ಮದುವೆಯ ಹೆಸರು ಕೊರೆಯುವ ಯಂತ್ರದ ಕಿರಿಕಿರಿ.
"ಮೇಡಂ, ನಿಮ್ಮ ಫಾರಂ ಮುಷ್ಕರ ಹೂಡಿದೆ," ಎಂದ ಇಂತಿಯಾಜ್,
ಸೈಬರ್ ಸೆಂಟರು, ಜೆರಾಕ್ಸು, ಸಿಮ್ಮು, ಸ್ಟಾಂಪ್ ಪೇಪರು, ಎಲ್ಲ ಅವನದೇ.
"ಜಿಲ್ಲೆ ಇದೆ. ತಾಲ್ಲೂಕು ಬರೋದೇ ಇಲ್ಲ."

ನನ್ನಲ್ಲಿ ಬರುತ್ತಿದೆಯಲ್ಲ, ಎಂದೆ.
ನಾವು ಮೊದಲು ಹೇಳುವುದು ಅದನ್ನೇ.
ಮೈಸೂರು ಒತ್ತಿದೆ: ತಾಲ್ಲೂಕುಗಳು ಒಂದರ ಹಿಂದೊಂದು ಇಳಿದವು,
ಮೆಜೆಸ್ಟಿಕ್ಕಿನಲ್ಲಿ ಬೆಳಗಿನ ಬಸ್ಸು ಖಾಲಿಯಾದ ಹಾಗೆ.
ಕೋಲಾರ, ಇಳಿದವು. ಗದಗ, ಇಳಿದವು.
"ಯಾವ ಜಿಲ್ಲೆ?"
"ಬಾಗಲಕೋಟೆ."

ಬಾಗಲಕೋಟೆ ಪಟ್ಟಿಯ ನೆತ್ತಿಯಲ್ಲಿದೆ.
ಕನ್ನಡದಲ್ಲೇ ಬರೆದ ಹೆಸರುಗಳು
ಎಬಿಸಿಡಿಯ ಸರದಿಯಲ್ಲಿ ನಿಂತಿವೆ,
ಹಳೆಯ ಎಕ್ಸೆಲ್ ಶೀಟಿನಿಂದ ಯಾರೋ ಎತ್ತಿ ಅಂಟಿಸಿದ್ದು.
ಯಾರೋ ಏನು, ನಾನೇ.
ಅಆಇಈ ಪ್ರಕಾರ ನಿಲ್ಲಿಸಿದ್ದರೆ
ಉಡುಪಿಯವರು ಸಿಕ್ಕಿಬೀಳುತ್ತಿದ್ದರು, ಅಷ್ಟೇ.

ಪುಟ ತೆರೆದಾಗಲೇ ಬಾಗಲಕೋಟೆ ಆಯ್ಕೆಯಾಗಿ ಕೂತಿರುತ್ತದೆ.
ಯಾರೂ ಆಯ್ದದ್ದಲ್ಲ, ಮೊದಲಿದೆ ಅಂತ.
ಅದನ್ನೇ ಮತ್ತೆ ಒತ್ತಿದರೆ
ಪಟ್ಟಿ ಬೀಸಣಿಗೆಯಂತೆ ಮಡಚಿಕೊಳ್ಳುತ್ತದೆ.
ನಾನು ಕಿವಿಗೊಟ್ಟದ್ದು 'ಚೇಂಜ್' ಎಂಬ ಒಂದೇ ಕರೆಗೆ.
ಬದಲಾದರೆ ಕೂಗು, ಎಂದು ಬರೆದಿದ್ದೆ.
ಬದಲಾಗಲಿಲ್ಲ, ಕೂಗಲಿಲ್ಲ.
ಬ್ರೌಸರಿನ ತಪ್ಪು ಎಳ್ಳಷ್ಟೂ ಇಲ್ಲ.

"ಎಷ್ಟು ದಿನದಿಂದ ಹೀಗೆ?"
"ದೀಪಾವಳಿಯಿಂದ."
"ಮತ್ತೆ ಇಷ್ಟು ದಿನ?"
"ಬಳ್ಳಾರಿಗೆ ಕಳಿಸ್ತಿದ್ದೆ ಮೇಡಂ.
ಒಂದ್ಸಲ ಬಳ್ಳಾರಿ ಒತ್ತಿ, ತಿರುಗಿ ಬಾಗಲಕೋಟೆಗೆ ಬಂದ್ರೆ
ತಾಲ್ಲೂಕು ಬಂದ್ಬಿಡುತ್ತೆ. ಎಲ್ರಿಗೂ ಗೊತ್ತು.
ರಾಜಗೋಪಾಲನಗರದವನೂ ಹಂಗೇ ಮಾಡ್ತಾನೆ.
ಇವತ್ತೊಬ್ಬರು ಒಪ್ತಾ ಇಲ್ಲ."

ಒಪ್ಪದವರ ದನಿ ಹಿಂದಿನಿಂದ ಕೇಳಿತು:
"ಬಳ್ಳಾರಿಗ್ಯಾಕ ಹೋಗ್ಲೆಪ್ಪಾ ನಾ, ಜೇಲಿಗೇನು?
ನಮ್ಮ ಜಿಲ್ಲಾ ಮೊದಲss ಐತಿ, ಕಣ್ಣಿಗೆ ಕಾಣತೈತಿ.
ನಾ ಮುಟ್ಟೀನಿ. ಮೂರು ಸರ್ತಿ ಮುಟ್ಟೀನಿ.
ಅದಕ್ಕ ತಿಳೀಬೇಕಲ್ಲ."

ಯಮನವ್ವ, ಹುನಗುಂದ ತಾಲ್ಲೂಕು, ಸೆಂಟ್ರಿಂಗ್ ಕೆಲಸ.
ಕಾರ್ಡಿಲ್ಲದೆ ಸೈಟಿನ ಗೇಟು ತೆರೆಯುವುದಿಲ್ಲ.

ಸರ್ವರಿನ ಲಾಗು ತೆಗೆದೆ.
ನಾಲ್ಕು ತಿಂಗಳಲ್ಲಿ ಇನ್ನೂರ ಹನ್ನೊಂದು ಜನ
ಲಗ್ಗೆರೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು
ಬಳ್ಳಾರಿಗೆ ಹೋಗಿ ಬಂದಿದ್ದರು.
ಎರಡು ಸೆಕೆಂಡಿನಲ್ಲಿ ಬಂದವರುಂಟು.
ಒಬ್ಬರು ಆರು ನಿಮಿಷ ಅಲ್ಲೇ ಇದ್ದರು,
ಕರೆಂಟು ಹೋಗಿತ್ತೋ, ಚಹಾ ಬಂತೋ.
ಹನ್ನೆರಡು ಜನ ವಾಪಸ್ಸು ಬರಲೇ ಇಲ್ಲ.
ಬಳ್ಳಾರಿ ಎಂದೇ ಅಚ್ಚಾಗಿ, ಲ್ಯಾಮಿನೇಟಾಗಿ,
ಕೊರಳಲ್ಲಿ ನೇತಾಡುತ್ತಿದೆ.

ಮಾಡಿದ್ದು ಇಷ್ಟೇ: ಪಟ್ಟಿಯ ನೆತ್ತಿಗೆ ಒಂದು ಖಾಲಿ ಸಾಲು,
'ಜಿಲ್ಲೆ ಆರಿಸಿ' ಅಂತ.
ಯಾರ ಊರೂ ಅಲ್ಲದ ಒಂದು ಊರು,
ಎಲ್ಲರೂ ಅಲ್ಲಿಂದಲೇ ಹೊರಡಬೇಕು.
ಎರಡು ಗಂಟೆಗೆ ಏರಿಸಿದೆ.
ಅವಳು ಹೋಗದೆ ಕೂತಿದ್ದಳಂತೆ.
"ಬಂತು ಮೇಡಂ. ಹುನಗುಂದ ಇಲ್ಲಿದೆ."
ಹಿಂದಿನ ದನಿ: "ನಾ ಹೇಳಲಿಲ್ಲೇನು?"

ಆಮೇಲೆ ಹನ್ನೆರಡು ನಂಬರು ಹಿಡಿದು ಕೂತೆ.
ಮೂರು ಸ್ವಿಚ್ಡ್ ಆಫ್. ಒಂದು ಹಿಂದಿಯಲ್ಲಿ ಬೈದಿತು.
ಐದನೆಯದು ನೆಲಗದರನಹಳ್ಳಿಯ ಸೈಟಿನಿಂದ ಎತ್ತಿತು,
ಜಲ್ಲಿ ಮಿಕ್ಸರಿನ ಗರಗರ, ಮೇಲೆ ಗಂಡಸಿನ ಕೂಗು.
"ಸಂಗಪ್ಪ ಅವರಾ? ನಿಮ್ಮ ಜಿಲ್ಲೆ ಬಳ್ಳಾರಿ ಅಲ್ಲ ಅಲ್ಲವೇ?"
"ಅಲ್ರೀ. ಬಾದಾಮಿ ಕಡೀಯವ ನಾ.
ಆದ್ರ ಕಾರ್ಡ್ ನೋಡಿ ಮೇಸ್ತ್ರಿ 'ಏ ಬಳ್ಳಾರಿ' ಅಂತಾನ,
ಈಗ ಎಲ್ಲಾರೂ ಹಂಗss ಕರೀತಾರ.
ಕರದ್ರ ನಾನೂ ಓ ಅಂತೀನಿ."

ತಿದ್ದಿಕೊಡುತ್ತೇನೆ, ಎಂದೆ,
ಒಂದು ಸಲ ಸೆಂಟರಿಗೆ ಬರಬೇಕಾಗುತ್ತದೆ.

ಮಿಕ್ಸರು ಎರಡು ಸುತ್ತು ತಿರುಗಿತು.
"ಅರ್ಧಾ ದಿನದ ಪಗಾರ ಹೋಗತೈತಲ್ರೀ ಮೇಡಂ,
ಯಾರು ಕೊಡ್ತಾರ?"